ಎಡಗಡೆ ಸೀಟಿನ ವೈನಿ

ಮದುವೆಯಾಗಿ ಬರೋಡಾಕ್ಕೆ ಬಂದ ಮೊದಲ ವಾರದಲ್ಲೇ ನಾನು ಅವರ ಕಾರಿನಲ್ಲಿ ಕೂತೆ. ಊರಿಂದ ತಂದ ಪೆಟ್ಟಿಗೆಗಳನ್ನು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಸ್ಟವ್, ಬಕೆಟ್ಟು, ಚಾಪೆ ಎಲ್ಲವನ್ನೂ ಕೊಳ್ಳುವುದಿತ್ತು. ಪಕ್ಕದ ಮನೆಯ ದಂಪತಿಗಳು ತಾವೂ ಪೇಟೆಗೆ ಹೊರಟಿದ್ದೇವೆಂದು ಹೇಳಿ ನನ್ನನ್ನೂ ನನ್ನ ಯಜಮಾನರನ್ನೂ ಹಿಂದಿನ ಸೀಟಿಗೆ ಹತ್ತಿಸಿಕೊಂಡರು. ಗಂಡ ಸ್ಟಿಯರಿಂಗ್ ಹಿಡಿದಿದ್ದರು. ಹೆಂಡತಿ ಅವರ ಎಡಗಡೆ, ಸೀಟಿನ ಅಂಚಿಗೆ ಬಂದು, ಎರಡೂ ಕೈಗಳನ್ನು ಮುಂದಿನ ಹಲಗೆಯ ಮೇಲಿಟ್ಟುಕೊಂಡು ಕೂತಿದ್ದರು. ರಾವಪುರದಿಂದ ಮಾಂಡವಿಯವರೆಗೆ ಆಕೆ ಬಾಯಿ ಮುಚ್ಚಲಿಲ್ಲ.

"ಎಡಕ್ಕ ಸೈಕಲ್ ಅದ. ಮುಂದ ಟಾಂಗಾ ನಿಂತದ ನೋಡ್ರಿ. ಮುದುಕಿ ದಾಟ್ಲಿಕ್ಕತ್ತಾಳ, ಸಾವಕಾಶ. ಹಾಂ, ಈಗ ಹೋಗ್ರಿ. ಎಮ್ಮಿ."

ದನಿ ಏರಿಸುತ್ತಿರಲಿಲ್ಲ. ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುವವರ ಹಾಗೆ, ಒಂದೊಂದನ್ನೇ ಹೆಕ್ಕಿ ಹೇಳುತ್ತಿದ್ದರು. ಗಂಡ ಒಂದಕ್ಕೂ ಉತ್ತರ ಕೊಡಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸ್ಟಿಯರಿಂಗ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಆಕೆಯ ಕೈಯಲ್ಲೇ ಇದೆ ಎಂದರು ನನ್ನ ಯಜಮಾನರು.

ಧಾರವಾಡದ ಕಡೆ ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತಾರಂತೆ. ಬರೋಡಾದಲ್ಲಿದ್ದ ಬೆರಳೆಣಿಕೆಯ ಕನ್ನಡದವರಿಗೆಲ್ಲ, ಮೈಸೂರು ಕಡೆಯವರಾದ ನಮಗೂ, ಅವರು ವೈನಿಯೇ. ಅವರ ಗಂಡ ಎಲ್ಲರ ಬಾಯಲ್ಲೂ ರಾಯರು. ರಾಯರು ವಿಮಾ ಕಚೇರಿಯ ಅಧಿಕಾರಿ. ಪಾದ್ರಾ, ಡಭೋಯಿ ಕಡೆಯ ಊರುಗಳಿಗೆಲ್ಲ ಹೋಗಿ ಏಜೆಂಟರ ಕೆಲಸ ನೋಡಿಕೊಂಡು ಬರಬೇಕು. ಅದಕ್ಕಾಗಿಯೇ ಕಾರು ಇಟ್ಟುಕೊಂಡಿದ್ದರು. ಸ್ವಂತದ್ದು, ಎರಡನೆಯ ಕೈಯಲ್ಲಿ ಕೊಂಡ ಬೂದು ಬಣ್ಣದ ಲ್ಯಾಂಡ್‌ಮಾಸ್ಟರ್. ನನ್ನ ಯಜಮಾನರು ಬ್ಯಾಂಕಿನಲ್ಲಿದ್ದರು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ.

ರಾಯರಿಗೆ ಮಾತಿಗೆ ಸಿಕ್ಕರೆ ಕಾರಿನದೇ ಮಾತು. ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ನಿಂತರೆ ಬೀದಿಯ ಗಂಡಸರೆಲ್ಲ ಸುತ್ತ ಸೇರುತ್ತಿದ್ದರು. ಹೊಸದಾಗಿ ಬರುತ್ತಿದ್ದ ಅಂಬಾಸಿಡರ್ ಅವರ ಪ್ರಕಾರ ಲ್ಯಾಂಡ್‌ಮಾಸ್ಟರಿಗೆ ಹೊಸ ಅಂಗಿ ತೊಡಿಸಿದ್ದು, ಅಷ್ಟೇ. ಬೀದಿಯ ಕೊನೆಯ ಡಾಕ್ಟರರು ಎರಡು ಬಾಗಿಲಿನ ಹೆರಾಲ್ಡ್ ಕೊಂಡಾಗ ರಾಯರು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, ಚಂದ ಅದ, ಆದರೆ ಹಿಂದಿನ ಸೀಟಿಗೆ ಮಾವನನ್ನು ಹತ್ತಿಸುವುದು ಹೇಗೆ ಎಂದು ಕೇಳಿದ್ದರು. ಗೇರು ಸ್ಟಿಯರಿಂಗಿನ ಪಕ್ಕದಲ್ಲೇ ಇರಬೇಕು, ನೆಲದ ಮೇಲಿದ್ದರೆ ಮುಂದೆ ಮೂರನೆಯವರು ಕೂರಲಿಕ್ಕಾಗುವುದಿಲ್ಲ ಎಂಬುದು ಇನ್ನೊಂದು ಸಿದ್ಧಾಂತ. ಹಾರ್ನು ಹೊಡೆಯುವವನಿಗೆ ಬ್ರೇಕು ಹಾಕಲು ಬರುವುದಿಲ್ಲ ಎಂದು ನಂಬಿದ್ದರು.

ರಸ್ತೆಯ ನಿಯಮಗಳಲ್ಲಂತೂ ಅವರದು ಮಡಿವಂತಿಕೆ. ಬಲಕ್ಕೆ ತಿರುಗುವಾಗ ಕೈಯನ್ನು ಕಿಟಕಿಯ ಹೊರಗೆ ನೆಟ್ಟಗೆ ಚಾಚಬೇಕು, ಎಡಕ್ಕಾದರೆ ಚಾಚಿದ ಕೈಯನ್ನು ವೃತ್ತಾಕಾರವಾಗಿ ತಿರುಗಿಸಬೇಕು, ನಿಧಾನಿಸುವಾಗ ಅಂಗೈ ಕೆಳಗೆ ಮಾಡಿ ಆಡಿಸಬೇಕು. ಹಿಂದೆ ಮುಂದೆ ಒಂದು ನಾಯಿಯೂ ಇಲ್ಲದ ಚೌಕದಲ್ಲೂ ಅವರು ಇದನ್ನೆಲ್ಲ ಮಾಡಿಯೇ ತಿರುಗುತ್ತಿದ್ದರು. ಓಣಿಯಿಂದ ದೊಡ್ಡ ರಸ್ತೆಗೆ ಬರುವ ಮೊದಲು ಪೂರಾ ನಿಲ್ಲಿಸುತ್ತಿದ್ದರು. ನಿಲ್ಲಿಸಿ ಹೆಂಡತಿಯ ಮಾತಿಗೆ ಕಾಯುತ್ತಿದ್ದರು ಎಂಬುದನ್ನು ನಾವು ಗಮನಿಸಿರಲಿಲ್ಲ.

ವೈನಿ ಮನೆಯಲ್ಲಿ ಅಷ್ಟು ಮಾತಿನವರಲ್ಲ. ಇದು ನನಗೆ ತಿಳಿದದ್ದು ಆಮೇಲೆ, ಮಧ್ಯಾಹ್ನದ ಹೊತ್ತು ಅವರ ಹಿತ್ತಲ ಕಟ್ಟೆಯ ಮೇಲೆ ಕೂರಲು ತೊಡಗಿದ ಮೇಲೆ. ಒಂದು ಗಂಟೆ ಕೂತರೂ ಹತ್ತು ಮಾತು ಆಡುತ್ತಿರಲಿಲ್ಲ. ಸಣ್ಣ ಆಳು, ದೊಡ್ಡ ಕುಂಕುಮ, ಯಾವಾಗಲೂ ಇಳಕಲ್ ಸೀರೆಯ ಕಚ್ಚೆ. ಮಕ್ಕಳಿರಲಿಲ್ಲ. ತರಕಾರಿ ಮಾರುವ ಹೆಂಗಸಿನ ಹತ್ತಿರ ಗುಜರಾತಿ ಕಲಿತಿದ್ದರು, ಆದ್ದರಿಂದ ಅವರ ಗುಜರಾತಿಯಲ್ಲಿ ಬದನೆ, ತೊಂಡೆ, ತಾಜಾ, ಹಳಸಲು ಇವೆಲ್ಲ ಚೆನ್ನಾಗಿದ್ದವು, ಉಳಿದದ್ದು ಅಷ್ಟಕ್ಕಷ್ಟೆ. ಜೋಳದ ಹಿಟ್ಟು ನಾದುತ್ತಾ ನನಗೆ ರೊಟ್ಟಿ ಬಡಿಯುವುದನ್ನು ಕಲಿಸಿದರು. ನನ್ನ ರೊಟ್ಟಿಯ ಅಂಚು ಹರಿದಾಗಲೆಲ್ಲ ಏನೂ ಹೇಳದೆ ಹಿಟ್ಟನ್ನು ಮತ್ತೆ ಉಂಡೆ ಮಾಡಿ ನನ್ನ ಮುಂದಿಡುತ್ತಿದ್ದರು. ಇಂಥ ಹೆಂಗಸು ಕಾರಿನಲ್ಲಿ ಕೂತ ಕೂಡಲೇ ಹೇಗೆ ಅಷ್ಟು ವಾಚಾಳಿಯಾಗುತ್ತಾರೆ ಎಂದು ನನಗೆ ಸೋಜಿಗ. ಒಮ್ಮೆ ಕೇಳಿಯೂ ಕೇಳಿದೆ. ರೂಢಿ ಎಂದರು, ಅಷ್ಟೇ.

ರಾಯರ ಕೆಲವು ನಡವಳಿಕೆಗಳೂ ವಿಚಿತ್ರವಾಗಿದ್ದವು. ಸಿನಿಮಾಕ್ಕೆ ಎಷ್ಟು ಕರೆದರೂ ಬರುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯ ಹೊಸಿಲಲ್ಲಿ ಎರಡು ಸಲ ಎಡವಿದ್ದರು. ಲೋಟ ಪಕ್ಕದಲ್ಲಿಟ್ಟರೆ ಅದಕ್ಕೆ ಕೈ ತಾಗಿಸಿ ಉರುಳಿಸುತ್ತಿದ್ದರು. ಆದರೆ ಹಗಲು ಹೊತ್ತಿನಲ್ಲಿ ಪತ್ರಿಕೆಯ ಸಣ್ಣ ಅಕ್ಷರವನ್ನು ಕನ್ನಡಕವಿಲ್ಲದೆ ಓದುತ್ತಿದ್ದರು. ಬೀದಿಯ ಆ ತುದಿಯಲ್ಲಿ ನಿಂತ ಲಾರಿಯ ನಂಬರನ್ನು ನಾವು ಕಣ್ಣು ಕಿರಿದು ಮಾಡುವುದರೊಳಗೆ ಹೇಳಿ ನಗುತ್ತಿದ್ದರು. ಅಂಥವರ ಕಣ್ಣಿನ ಬಗ್ಗೆ ಯಾರಿಗೆ ಯಾಕೆ ಸಂಶಯ ಬರಬೇಕು?

ಆಗ ಮಕರಪುರದ ಕಡೆ ಹೊಲಗಳ ನಡುವೆ ಒಂದೊಂದೇ ಕಾರ್ಖಾನೆ ಏಳುತ್ತಿತ್ತು. ಅಂಥದೊಂದರ ಮಾಲೀಕರು ರಾಯರ ಕೈಯಲ್ಲಿ ತಮ್ಮ ಕೆಲಸಗಾರರಿಗೆಲ್ಲ ವಿಮೆ ಮಾಡಿಸಿದ್ದರು, ನನ್ನ ಯಜಮಾನರ ಬ್ಯಾಂಕಿನಲ್ಲಿ ವ್ಯವಹಾರವನ್ನೂ ಇಟ್ಟಿದ್ದರು. ಹೊಸ ಶೆಡ್ಡಿನ ಪೂಜೆಗೆ ನಮ್ಮೆಲ್ಲರನ್ನೂ ಕರೆದರು. ಚಳಿಗಾಲದ ಒಂದು ಶನಿವಾರದ ಮಧ್ಯಾಹ್ನ ನಾಲ್ವರೂ ರಾಯರ ಕಾರಿನಲ್ಲಿ ಹೋದೆವು. ಪೂಜೆ, ಗಾಂಠಿಯಾ, ಜಿಲೇಬಿ, ಚಹಾ ಎಲ್ಲ ಮುಗಿಯುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ವೈನಿ ಅಷ್ಟು ಹೊತ್ತಿನಿಂದಲೂ ಹೊರಡೋಣ ಎಂದು ಗಂಡನಿಗೆ ಸನ್ನೆ ಮಾಡುತ್ತಿದ್ದರು. ಕೊನೆಗೆ ಹತ್ತಿರ ಹೋಗಿ, ಸಂಜೆಯಾಯಿತು ಎಂದು ಹೇಳಿದರು.

ಅಲ್ಲಿದ್ದವರಲ್ಲಿ ಒಬ್ಬರು, ರಾಯರ ಕಚೇರಿಯವರೇ, ಒಮ್ಮೆ ಅವರ ಕಾರಿನಲ್ಲಿ ಕೂತು ಬಂದಿದ್ದರಂತೆ. ಅವರು ವೈನಿಯ ಹಾಗೆಯೇ ಕುರ್ಚಿಯ ಅಂಚಿಗೆ ಬಂದು ಎರಡು ಕೈ ಮುಂದಿಟ್ಟುಕೊಂಡು, ಎಡಕ್ಕೆ ಸೈಕಲ್, ಬಲಕ್ಕೆ ಎತ್ತು ಎಂದು ಹಿಂದಿಯಲ್ಲಿ ಅಭಿನಯಿಸಿ ತೋರಿಸಿದರು. ಹಾಗಾದರೆ ಲೈಸೆನ್ಸು ಯಾರ ಹೆಸರಿನಲ್ಲಿದೆ ಸಾಹೇಬರೆ ಎಂದು ಮಾಲೀಕರು ಕೇಳಿದರು. ಎಲ್ಲರೂ ನಕ್ಕರು. ರಾಯರೂ ನಕ್ಕರು. ನಗುತ್ತಲೇ ಹೆಂಡತಿಯ ಕಡೆ ತಿರುಗಿ, ಉಳಿದವರಿಗೆ ತಿಳಿಯದ ಹಾಗೆ ಕನ್ನಡದಲ್ಲಿ ಹೇಳಿದರು.

"ಇವತ್ತ ಮನಿ ಮುಟ್ಟೋತನಕ ಒಂದ ಮಾತ ಆಡಬ್ಯಾಡ ನೀ. ಆಡಿದೆ ಅಂದ್ರ ಅಲ್ಲೇ ಇಳಿಸಿ ಹೋಗ್ತೀನಿ."

ನಮಗೆ ಮಾತ್ರ ಕೇಳಿಸಿತು. ವೈನಿಯ ಮುಖ ನೋಡಲು ನನಗೆ ಸಂಕೋಚವಾಯಿತು.

ವಾಪಸು ಬರುವಾಗ ಆ ಕಾರಿನಲ್ಲಿ ಮೊದಲ ಸಲ ನಿಶ್ಶಬ್ದ. ವೈನಿ ಸೀಟಿಗೆ ಒರಗಿ, ಕೈ ಕಟ್ಟಿಕೊಂಡು ಕೂತಿದ್ದರು. ರಾಯರು ತೀರ ನಿಧಾನವಾಗಿ ಓಡಿಸುತ್ತಿದ್ದರು. ಆ ರಸ್ತೆಯ ಎರಡೂ ಬದಿಗೆ ಆಗ ದೊಡ್ಡ ಮರಗಳಿದ್ದವು. ಮರಗಳ ಕೆಳಗೆ ಕತ್ತಲೆ ತುಂಬಿಕೊಂಡಿತ್ತು, ಮೇಲೆ ಆಕಾಶ ಇನ್ನೂ ಕೆಂಪಾಗಿತ್ತು. ನನ್ನ ಯಜಮಾನರು ನನ್ನ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಎಡಗಡೆಯಿಂದ ಏನೋ ಬಡಿದ ಸದ್ದಾಯಿತು. ಕಬ್ಬಿಣ ಎಳೆದುಕೊಂಡು ಹೋದ ಸದ್ದು. ಆಮೇಲೆ ರಾಯರು ಬ್ರೇಕು ಹಾಕಿದರು.

ಎಡಗಡೆಯ ಕಾಲುದಾರಿಯಿಂದ ರಸ್ತೆಗೆ ಬಂದ ಸೈಕಲ್ಲು ನಮ್ಮ ಮುಂದಿನ ಚಕ್ರದ ಕೆಳಗೆ ಅರ್ಧ ಸಿಕ್ಕಿಕೊಂಡಿತ್ತು. ಅದರ ಹಿಂದೆ, ಮಣ್ಣಿನಲ್ಲಿ, ಒಬ್ಬ ಯುವಕ ಮಗ್ಗುಲಾಗಿ ಬಿದ್ದು ನರಳುತ್ತಿದ್ದ. ನಾವು ಮೂವರೂ ಇಳಿದು ಅವನ ಬಳಿಗೆ ಓಡಿದೆವು. ರಾಯರು ಕಾರಿನ ಮಡ್‌ಗಾರ್ಡನ್ನು ಕೈಯಿಂದ ಸವರಿಕೊಂಡು ಸುತ್ತಿ ಬಂದರು. "ಎಲ್ಲಿದ್ದಾನ? ಎಲ್ಲಿದ್ದಾನವ?" ಎಂದು ಕೇಳುತ್ತಿದ್ದರು. ಅವನು ಅವರ ಪಾದದಿಂದ ಒಂದು ಮೊಳ ದೂರದಲ್ಲಿದ್ದ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅವನ ಕೈಯನ್ನು ತುಳಿಯುತ್ತಿದ್ದರು. ಯುವಕನ ಪಕ್ಕ ಕೂತಿದ್ದ ವೈನಿ ಎದ್ದು ರಾಯರ ಮೊಣಕೈ ಹಿಡಿದು ಹಿಂದಕ್ಕೆ ಸರಿಸಿ ಕಾರಿಗೆ ಒರಗಿಸಿ ನಿಲ್ಲಿಸಿದರು. ಚಿಕ್ಕ ಮಗುವನ್ನು ಗೋಡೆಯ ಬದಿಗೆ ನಿಲ್ಲಿಸುವ ಹಾಗೆ.

ಕಾರ್ಖಾನೆಯಿಂದ ಜನ ಬಂದರು. ಅವನನ್ನು ಅವರ ಟ್ರಕ್ಕಿನಲ್ಲೇ ಆಸ್ಪತ್ರೆಗೆ ಸಾಗಿಸಿದರು. ಪೊಲೀಸರೂ ಬಂದರು. ಅವನು ಪಕ್ಕದ ಇನ್ನೊಂದು ಕಾರ್ಖಾನೆಯ ಲೇತ್ ಯಂತ್ರದ ಕೆಲಸಗಾರ, ಹಳ್ಳಿಯಿಂದ ಬಂದು ತಾಯಿಯೊಡನೆ ಅಲ್ಲೇ ಹತ್ತಿರ ಬಾಡಿಗೆಗಿದ್ದವನು ಎಂದು ಅಲ್ಲಿ ಸೇರಿದವರು ಹೇಳಿದರು. ಮಾಲೀಕರು ರಾಯರ ಹೆಗಲ ಮೇಲೆ ಕೈ ಹಾಕಿ, ಹೆದರಬೇಡಿ, ಈ ಹುಡುಗರು ದೀಪವಿಲ್ಲದೆ ಸೈಕಲ್ ಓಡಿಸುತ್ತಾರೆ, ಅವರದೇ ತಪ್ಪು ಎಂದರು. ಹವಾಲ್ದಾರನೂ ಸೈಕಲ್ಲನ್ನು ನೋಡಿ, ಹೌದು, ದೀಪವೇ ಇಲ್ಲ ಎಂದ. ನಮ್ಮನ್ನು ಕೇಳಿದರು. ಹಿಂದೆ ಕೂತು ಮಾತಾಡುತ್ತಿದ್ದ ನಮಗೆ ಏನೂ ಕಂಡಿರಲಿಲ್ಲ, ಹಾಗೆಯೇ ಹೇಳಿದೆವು. ರಾಯರು ದೀಪ ಕಾಣಲಿಲ್ಲ ಎಂದರು. ವೈನಿಯನ್ನು ಯಾರೂ ಕೇಳಲಿಲ್ಲ.

ಮರುದಿನದಿಂದ ರಾಯರು ಊಟ ಬಿಟ್ಟರು. ಕಚೇರಿಯ ಸ್ನೇಹಿತರು ಒಬ್ಬ ವಕೀಲರನ್ನು ಕರೆತಂದರು. ಸವಾರ ದೀಪವಿಲ್ಲದೆ, ನೋಡದೆ, ಒಮ್ಮೆಗೇ ಅಡ್ಡ ಬಂದ ಎಂದು ಹೇಳಿದರೆ ಸಾಕು, ಕೇಸು ನಿಲ್ಲುವುದಿಲ್ಲ ಎಂದರು ವಕೀಲರು. ಮೂರು ನಾಲ್ಕು ದಿನ ಕಳೆದ ಮೇಲೆ, ಯಜಮಾನರು ಬ್ಯಾಂಕಿಗೆ ಹೋದ ಹೊತ್ತಿನಲ್ಲಿ, ವೈನಿ ನಮ್ಮ ಅಡಿಗೆಮನೆಗೆ ಬಂದು ನೆಲದ ಮೇಲೆ ಕೂತರು.

"ಸಂಜಿ ಆತಂದ್ರ ಅವರಿಗೆ ಕಾಣಂಗಿಲ್ಲವಾ," ಎಂದರು. "ಹಗಲಿನ್ಯಾಗ ಎದುರಿಗೆ ಕಾಣತದ, ಬಾಜೂಕ ಏನೂ ಇಲ್ಲ. ಕೊಳವಿಯೊಳಗ ನೋಡಿಧಾಂಗ. ಬೆಳಗಾವಿ ಡಾಕ್ಟರು ಎಂದೋ ಹೇಳ್ಯಾರ, ಇದಕ್ಕ ಔಷಧ ಇಲ್ಲ, ಹೆಚ್ಚಾಗ್ತ ಹೋಗ್ತದ ಅಂತ."

ಕಾರು ಬಿಟ್ಟರೆ ಆ ಕೆಲಸ ಹೋಗುತ್ತದೆ ಎಂಬ ಭಯಕ್ಕೆ ರಾಯರು ಕಣ್ಣಿನ ವಿಷಯವನ್ನು ಯಾರಿಗೂ ಹೇಳಿರಲಿಲ್ಲ. ಊರೂರು ತಿರುಗುವಾಗಲೂ ವೈನಿ ಜೊತೆಗೇ ಹೋಗುತ್ತಿದ್ದುದು ಅದಕ್ಕೇ. ಬರೀ ದಾರಿ ನೋಡಿ ನೋಡಿ ಅವರಿಗೆ ಆ ಸೀಮೆಯ ಪ್ರತಿಯೊಂದು ಹಳ್ಳ, ತಿರುವು ಬಾಯಿಪಾಠವಾಗಿತ್ತು. ಯಾರಾದರೂ ಕಾರು ಹತ್ತಿದರೆ ಸಾಕು, ಇವಳೆಂಥ ಬಾಯಿಬಡುಕಿ ಎಂದುಕೊಳ್ಳುತ್ತಾರೆಂದು ಅವರಿಗೆ ಗೊತ್ತಿತ್ತು. ಅನ್ನಲಿ ಎಂದು ಬಿಟ್ಟಿದ್ದರು.

"ಆ ಸೈಕಲ್ಲಿಗೆ ದೀಪ ಇತ್ತು," ಎಂದರು. "ನಾ ಕಣ್ಣಾರೆ ನೋಡೇನಿ. ಎಣ್ಣಿ ದೀಪ. ಗಾಡಿ ಕೆಳಗ ಸಿಕ್ಕು ಚೂರಾತು."

ಗಂಡನ ನೌಕರಿಯ ಪ್ರಶ್ನೆ, ಯೋಚನೆ ಮಾಡಿ ಎಂದೆ. ರಾಯರಿಗೇ ಹೇಳಿ ನೋಡಿ ಎಂದೆ. ಹೇಳಿದ್ದರಂತೆ. ದೀಪ ಇತ್ತು ಎಂದಾಗ ರಾಯರು ಗೋಡೆಯ ಕಡೆ ಮುಖ ಮಾಡಿ ಮಲಗಿದರಂತೆ. ಆ ಯುವಕನ ಮೊಣಕಾಲು ನುಚ್ಚಾಗಿದೆ, ಇನ್ನು ಲೇತಿನ ಮುಂದೆ ನಿಲ್ಲಲಾರ ಎಂದು ವೈನಿಗೆ ತಿಳಿದಿತ್ತು. ಹೇಗೆಂದರೆ ಟಾಂಗಾ ಮಾಡಿಕೊಂಡು ಒಬ್ಬರೇ ಆಸ್ಪತ್ರೆಗೆ ಹೋಗಿ ನೋಡಿ ಬಂದಿದ್ದರು. ತಪ್ಪು ಅವನದೇ ಎಂದಾದರೆ ಅವನಿಗೆ ಪರಿಹಾರವೂ ಇಲ್ಲ, ಕಾರ್ಖಾನೆಯಲ್ಲಿ ಮರ್ಯಾದೆಯೂ ಇಲ್ಲ. ಅವನ ತಾಯಿ ಇವರು ಯಾರೆಂದು ತಿಳಿದ ಕೂಡಲೇ ಒಯ್ದ ಗಂಜಿಯ ಡಬ್ಬಿಯನ್ನು ತೆಗೆದುಕೊಳ್ಳದೆ ವಾಪಸು ಕೊಟ್ಟಿದ್ದಳು.

ಒಂದು ವಾರ ಕಳೆಯಿತು. ಒಂದು ಬೆಳಿಗ್ಗೆ ವೈನಿ ಬಂದು, ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ, ಜೊತೆಗೆ ಬರ್ತೀಯೇನು ಎಂದು ಕೇಳಿದರು. ಹೋದೆ. ನನ್ನನ್ನು ಬೆಂಚಿನ ಮೇಲೆ ಕೂರಿಸಿ ತಾವು ಒಳಗಿನ ಮೇಜಿನ ಮುಂದೆ ನಿಂತರು. ಅಧಿಕಾರಿ ಮೊದಲು ಕೇಳಲೇ ಒಪ್ಪಲಿಲ್ಲ. ಬೇನ್, ಅಕ್ಕಾ, ಮನೆಗೆ ಹೋಗಿ, ಗಂಡನ ಮೇಲೆ ಹೆಂಡತಿ ಸಾಕ್ಷಿ ಹೇಳುವ ಅಗತ್ಯವಿಲ್ಲ ಎಂದು ಸಮಾಧಾನದ ದನಿಯಲ್ಲೇ ಹೇಳಿದ. ವೈನಿ ತಮ್ಮ ತರಕಾರಿಯ ಗುಜರಾತಿಯಲ್ಲಿ, ನಾನು ಯಾರ ಮೇಲೂ ಹೇಳಲು ಬಂದಿಲ್ಲ, ದೀಪ ಇತ್ತು ಎನ್ನಲು ಬಂದಿದ್ದೇನೆ, ನನ್ನ ಗಂಡನಿಗೆ ಸಂಜೆ ಕಾಣುವುದಿಲ್ಲ ಎಂದರು. ಅವನು ಬರೆದುಕೊಳ್ಳುವವರೆಗೂ ನಿಂತೇ ಇದ್ದರು. ವಾಪಸು ಬರುವಾಗ ಸುರ್‌ಸಾಗರ ಕೆರೆಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಬಂದೆವು.

ಆಮೇಲಿನದು ಹೇಳುವುದು ಕಷ್ಟ. ರಾಯರು ಹೆಂಡತಿಯೊಡನೆ ಮಾತು ಬಿಟ್ಟರು. ಗೋಡೆಯ ಈಚೆ ನಮಗೆ ಪಾತ್ರೆಯ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಕನ್ನಡದ ಮನೆಗಳಲ್ಲಿ ಸುದ್ದಿ ಹಬ್ಬಿತು. ಕಟ್ಟಿಕೊಂಡವನನ್ನೇ ಕೋರ್ಟಿಗೆ ಎಳೆದವಳು ಎಂದರು. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಒಂದು ಮನೆಯಲ್ಲಿ ಸೇರಿದ್ದೆವು. ಮನೆಯಾಕೆ ಸಾಲಿನಲ್ಲಿ ಎಲ್ಲರಿಗೂ ಕುಂಕುಮ ಕೊಡುತ್ತಾ ಬಂದು, ವೈನಿಯ ಹತ್ತಿರ ಬಂದಾಗ ಯಾರೋ ಕರೆದ ಹಾಗೆ ಒಳಗೆ ಹೋದಳು. ತಿರುಗಿ ಬಂದವಳು ವೈನಿಯ ಮುಂದಿನವರಿಂದ ಶುರು ಮಾಡಿದಳು. ವೈನಿ ಎದ್ದು ಹೋಗಲಿಲ್ಲ. ಕೊನೆಯವರೆಗೂ ಕೂತಿದ್ದು, ಎಲ್ಲರೊಡನೆಯೇ ಎದ್ದು, ನನ್ನ ಜೊತೆ ಮನೆಗೆ ನಡೆದು ಬಂದರು. ದಾರಿಯುದ್ದಕ್ಕೂ ಎಳ್ಳು ಬೆಲ್ಲದ ಪಾಕ ಹದ ತಪ್ಪಿದ್ದರ ಬಗ್ಗೆ ಮಾತಾಡಿದರು.

ಕೋರ್ಟಿನ ದಿನ ನಮ್ಮಿಬ್ಬರಿಗೂ ಸಮನ್ಸು ಇತ್ತು. ಆ ಯುವಕ ಕಂಕುಳಲ್ಲಿ ಕೋಲು ಊರಿಕೊಂಡು ಬಂದು ಗೋಡೆಯ ಬದಿಯ ಬೆಂಚಿನ ಮೇಲೆ ತಾಯಿಯ ಪಕ್ಕ ಕೂತಿದ್ದ. ವಕೀಲರು ರಾಯರಿಗೆ ಹೇಳಿಕೊಟ್ಟಿದ್ದರು: ಹೆಂಡತಿ ಗಾಬರಿಯಲ್ಲಿ ಏನೋ ಹೇಳಿದ್ದಾಳೆ, ಅವಳಿಗೆ ಗುಜರಾತಿ ಸರಿಯಾಗಿ ಬರುವುದಿಲ್ಲ ಎನ್ನಬೇಕು ಅಂತ. ಮ್ಯಾಜಿಸ್ಟ್ರೇಟರು ಎರಡನೆಯ ಸಲ ಕೇಳಿದಾಗ ಕಟಕಟೆಯಲ್ಲಿ ನಿಂತ ರಾಯರು ಹಿಂದಿಯಲ್ಲಿ, ನನ್ನ ಹೆಂಡತಿ ಹೇಳಿದ್ದು ನಿಜ, ನನಗೆ ಅವತ್ತು ಏನೂ ಕಾಣಲಿಲ್ಲ ಎಂದರು. ಇಳಿದು ಬರುವಾಗ ಮೆಟ್ಟಿಲು ತಪ್ಪಿದರು. ಯಾರೋ ಪೇದೆ ಹಿಡಿದುಕೊಂಡ.

ಜೈಲು ಆಗಲಿಲ್ಲ, ದಂಡವಾಯಿತು, ಲೈಸೆನ್ಸು ಹೋಯಿತು. ಯುವಕನಿಗೆ ಪರಿಹಾರ ಸಿಕ್ಕಿತು. ಅವನ ಕಾಲು ಉಳಿಯಿತು, ಮಡಿಸಲು ಮಾತ್ರ ಬರುತ್ತಿರಲಿಲ್ಲ. ಅವನ ಕಾರ್ಖಾನೆಯವರು ಕೂತು ಮಾಡುವ ಕೆಲಸ ಕೊಟ್ಟರೆಂದು ಕೇಳಿದೆ. ರಾಯರನ್ನು ಕಚೇರಿಯವರು ಕೆಲಸದಿಂದ ತೆಗೆಯಲಿಲ್ಲ, ದರ್ಜೆ ಇಳಿಸಿ ಅಹಮದಾಬಾದಿನಲ್ಲಿ ಮೇಜಿನ ಕೆಲಸಕ್ಕೆ ಹಾಕಿದರು. ಅವರು ಹೊರಟ ದಿನ ಲ್ಯಾಂಡ್‌ಮಾಸ್ಟರನ್ನು ಬಾಡಿಗೆಯ ಡ್ರೈವರನೊಬ್ಬ ಓಡಿಸಿಕೊಂಡು ಹೋದ. ಗಂಡ ಹೆಂಡತಿ ಇಬ್ಬರೂ ಹಿಂದಿನ ಸೀಟಿನಲ್ಲಿ, ಒಬ್ಬೊಬ್ಬರು ಒಂದೊಂದು ಕಿಟಕಿಯ ಬದಿಗೆ ಕೂತಿದ್ದರು.

ಎರಡು ವರ್ಷದ ಮೇಲೆ ನಾವು ಅಹಮದಾಬಾದಿಗೆ ಹೋದಾಗ ಸ್ಟೇಷನ್ನಿಗೆ ಅದೇ ಕಾರು ಬಂದಿತ್ತು. ಸ್ಟಿಯರಿಂಗ್ ಹಿಡಿದವರು ವೈನಿ! ಕಚ್ಚೆ ಸೀರೆ, ಬೆನ್ನಿನ ಹಿಂದೆ ಎರಡು ದಿಂಬು, ಕಿಟಕಿಯಿಂದ ಹೊರಗೆ ಚಾಚಿದ ಬಳೆಗಳ ಕೈ. ನಲವತ್ತು ದಾಟಿದ ಮೇಲೆ ಒಬ್ಬ ಪಾರಸಿ ಮುದುಕರ ಬಳಿ ಕಲಿತು ಲೈಸೆನ್ಸು ತೆಗೆದುಕೊಂಡಿದ್ದರು. ರಾಯರು ಪಕ್ಕದಲ್ಲಿ ಕೂತಿದ್ದರು. ಅವರಿಗೆ ಹಗಲಿನಲ್ಲೂ ಈಗ ಕಡಿಮೆ ಕಾಣುತ್ತಿತ್ತು. ಎಂಜಿನ್ನಿನ ಸದ್ದು ಕೇಳಿಯೇ, "ಥರ್ಡ್ ಹಾಕು" ಎನ್ನುತ್ತಿದ್ದರು. "ಕ್ಲಚ್ಚಿನ ಮ್ಯಾಲೆ ಕಾಲಿಟ್ಟೀ, ತಗೀ" ಎನ್ನುತ್ತಿದ್ದರು. ವೈನಿ ತೆಗೆಯುತ್ತಿದ್ದರು. ಇಬ್ಬರ ನಡುವೆ ಅದಷ್ಟೇ ಮಾತು.

ನಾವು ಎಲ್ಲಿಸ್ ಬ್ರಿಜ್ ಕಡೆ ಬರುವ ಮೊದಲು ಎಲ್ಲೋ ಮಿಲ್ಲಿನ ಸೈರನ್ನು, ಅಲ್ಲಿಯವರ ಭೋಂಗಾ, ಕೂಗಿತು. ವೈನಿ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿ ಎಂಜಿನ್ ಆರಿಸಿದರು. ಸ್ವಲ್ಪ ಹೊತ್ತಿಗೆ ಪಾಳಿ ಬಿಟ್ಟ ಮಿಲ್ಲಿನವರ ಸೈಕಲ್ಲುಗಳು ರಸ್ತೆ ತುಂಬ ಹರಿದು ಬಂದವು. ಹಿಂದಿನ ಲಾರಿಯವನು ಬೈದುಕೊಂಡು ಪಕ್ಕದಿಂದ ದಾಟಿ ಹೋದ. ಕೊನೆಯ ಸೈಕಲ್ಲು ಹೋಗುವವರೆಗೆ ವೈನಿ ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕೂತೇ ಇದ್ದರು. ದಿನಾಲೂ ಹೀಗೇ ಎಂದು ರಾಯರು ಹಿಂದಕ್ಕೆ ತಿರುಗದೆ ನಮಗೆ ಹೇಳಿದರು. ದೂರಿನ ದನಿಯಾಗಿರಲಿಲ್ಲ ಅದು.

ಮರುದಿನ ಗಂಡಸರು ಹೊರಗೆ ಹೋದಾಗ ನಾನು ಸಮಾಧಾನ ಹೇಳಲು ಹೋದೆ. ನೀವು ಅವತ್ತು ಸುಮ್ಮನಿದ್ದದ್ದು ಅವರು ಸುಮ್ಮನಿರು ಎಂದದ್ದಕ್ಕೆ ತಾನೇ, ನಿಮ್ಮದೇನು ತಪ್ಪಿದೆ ಎಂದೆ. ವೈನಿ ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಂತಿತು.

"ಅಲ್ಲವಾ. ಅವರು ಅಂದದ್ದಕ್ಕ ಅಲ್ಲ. ಆ ದೀಪ ನನಗ ದೂರದಿಂದನ ಕಂಡಿತ್ತು. ಕಾಲದಾರ್ಯಾಗಿಂದ ಬರ್ಲಿಕ್ಕತ್ತಿತ್ತು. ಹೇಳಬೇಕಂತ ಬಾಯಿ ತೆರದೆ. ಆಮ್ಯಾಲೆ, ಬ್ಯಾಡ, ಒಂದ ಸಲ ತಾವ ಗೊತ್ತಮಾಡಿಕೊಳ್ಳಲಿ, ನಾ ಇಲ್ಲಂದ್ರ ಏನಾಗ್ತದ ಅಂತ, ಅಂದಕೊಂಡೆ. ಅಷ್ಟರಾಗ ಆಗಿಹೋತು."

ಇದನ್ನು ಬೇರೆ ಯಾರಿಗಾದರೂ ಹೇಳಿದ್ದೀರಾ ಎಂದು ಕೇಳಿದೆ. ಆಸ್ಪತ್ರೆಯಲ್ಲಿ ಆ ಯುವಕನಿಗೆ ಹೇಳಲು ನೋಡಿದ್ದರಂತೆ. ಆದರೆ ಬದನೆಕಾಯಿ ಕೊಳ್ಳುವ ಗುಜರಾತಿಯಲ್ಲಿ ಅಂಥದನ್ನು ಹೇಳುವುದು ಹೇಗೆ? ಅವನು ಏನೆಂದು ತಿಳಿದುಕೊಂಡನೋ, ನೋವಿನಲ್ಲೇ ಕೈಯಾಡಿಸಿ, ವಾಂಧೋ ನಹೀಂ ಬೇನ್, ಪರವಾಗಿಲ್ಲ ಎಂದನಂತೆ. ರಾಯರಿಗೆ ಹೇಳಿದ್ದಾರೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಅವರು ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಮಧ್ಯಾಹ್ನಕ್ಕೆ ಹುಳಿ ಮಾಡಿದರು, ಚೆನ್ನಾಗಿತ್ತು.

ಅಲ್ಲಿಂದ ರಾಯರಿಗೆ ಸೂರತ್ತಿಗೆ ವರ್ಗವಾಯಿತು. ಅಲ್ಲಿಯೂ ವೈನಿಯೇ ಕಚೇರಿಗೆ ಬಿಟ್ಟು ಕರೆತರುತ್ತಿದ್ದರಂತೆ. ಸೂರತ್ತಿನ ಇಕ್ಕಟ್ಟಾದ ಓಣಿಗಳಲ್ಲಿ ಆ ದೊಡ್ಡ ಗಾಡಿಯನ್ನು ತಿರುಗಿಸುವ ಹೆಂಗಸನ್ನು ನೋಡಲು ಅಂಗಡಿಯವರು ಹೊರಗೆ ಬರುತ್ತಿದ್ದರಂತೆ. ಹೀಗೆ ಸುದ್ದಿ ಬರುತ್ತಿತ್ತು. ಆಮೇಲೆ ಒಂದು ಮಳೆಗಾಲ ವೈನಿಗೆ ಕಾಮಾಲೆಯಾಗಿದೆ ಎಂದು ಬಂತು, ಅದರ ಹಿಂದೆಯೇ ತೀರಿಕೊಂಡರೆಂದು ಬಂತು. ನಾವು ರೈಲು ಹತ್ತಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ರಾಯರು ಹಜಾರದಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಧಾರವಾಡದಿಂದ ಬಂದಿದ್ದ ಅವರ ತಂಗಿ ನಮ್ಮ ಹೆಸರು ಹೇಳಿದಳು. ನನ್ನ ಯಜಮಾನರೊಡನೆ ರಾಯರು ಎರಡು ಮಾತಾಡಿದರು: ಕಾಯಿಲೆ ಹೇಗೆ ಬಂತು, ಯಾವ ಡಾಕ್ಟರು ಏನು ಹೇಳಿದರು. ಅವರ ಕಣ್ಣುಗಳು ನಮ್ಮಿಬ್ಬರ ನಡುವೆ ಹಿಂದೆ ಇದ್ದ ಗೋಡೆಯನ್ನು ನೋಡುತ್ತಿದ್ದವು. ಯಜಮಾನರು ತಂಗಿಯೊಡನೆ ಒಳಗೆ ಹೋದ ಮೇಲೆ ನಾನೊಬ್ಬಳೇ ಉಳಿದೆ. ರಾಯರಿಗೆ ಅದು ಹೇಗೋ ತಿಳಿಯಿತು.

"ನೀವು ಅವತ್ತ ಕೋರ್ಟಿನ್ಯಾಗ ಇದ್ರಿ," ಎಂದರು. "ಆ ಹುಡುಗನ್ನ ನೋಡೀರಿ."

ನೋಡಿದ್ದೇನೆ ಎಂದೆ.

"ರಸ್ತೆದಾಗ ನನಗ ಕಾಣಲಿಲ್ಲ. ಕೋರ್ಟಿನ್ಯಾಗ ಬೆಳಕಿತ್ತು, ತಿರುಗಿ ನೋಡಿದ್ರ ಕಾಣತಿದ್ದ. ನಾ ತಿರುಗಲಿಲ್ಲ. ಇಕೀನ್ನ ಕೇಳಬೇಕು ಅಂತ ಇಷ್ಟು ವರ್ಷ ಅಂದಕೊಂಡೆ. ಕೇಳಲಿಕ್ಕೆ ಆಗಲಿಲ್ಲ." ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಹೆಂಗಿದ್ದ ಅವ?"

ನನಗೆ ನೆನಪಿದ್ದಷ್ಟನ್ನು ಹೇಳಿದೆ. ಕಪ್ಪಗಿದ್ದ. ಗುಂಗುರು ಕೂದಲು, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ್ದ. ಮೀಸೆ ಇನ್ನೂ ದಟ್ಟವಾಗಿರಲಿಲ್ಲ. ಬಿಳಿಯ ಅಂಗಿ, ಇಸ್ತ್ರಿ ಮಾಡಿದ್ದು. ತಾಯಿ ಏನೋ ಹೇಳಿದಾಗ ಒಮ್ಮೆ ನಕ್ಕ, ಮುಂದಿನ ಹಲ್ಲುಗಳ ನಡುವೆ ಸಂದಿತ್ತು.

ರಾಯರು ಒಂದೊಂದಕ್ಕೂ ತಲೆಯಾಡಿಸುತ್ತಾ ಕೇಳಿದರು. ಆಮೇಲೆ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದು ನಿಂತು, ಬಲಗೈಯನ್ನು ತಮ್ಮ ತಲೆಗಿಂತ ಒಂದು ಗೇಣು ಮೇಲಕ್ಕೆತ್ತಿ, ಅಂಗೈಯನ್ನು ಗಾಳಿಯಲ್ಲಿ ಮಟ್ಟವಾಗಿ ಹಿಡಿದರು.

"ಇಷ್ಟ ಎತ್ತರ ಇದ್ದನೇನು?"

ನಾನು ಹತ್ತಿರ ಹೋಗಿ ಅವರ ಮಣಿಕಟ್ಟು ಹಿಡಿದು, ಆ ಕೈಯನ್ನು ಅವರ ಭುಜದ ಮಟ್ಟಕ್ಕೆ ಇಳಿಸಿದೆ.